ಅಣುಬಾಂಬ್ ಬಿದ್ದರೆ ಎಷ್ಟು ದೂರ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಹುಡುಕಿಕೊಂಡು ಬರುವವರಿಗೆ ಸಾಮಾನ್ಯವಾಗಿ ಬೇಕಿರುವುದು ಒಂದೇ ಒಂದು ಸಂಖ್ಯೆ. ಇಷ್ಟು ಕಿಲೋಮೀಟರ್ ಆಚೆ ಇದ್ದರೆ ಬಚಾವ್, ಅಷ್ಟೇ. ಸಂಖ್ಯೆಗಳನ್ನು ಕೆಳಗೆ ಕೊಟ್ಟಿದ್ದೇನೆ. ಆದರೆ ಅದರ ಜೊತೆ ಗೋಡೆಯ ಲೆಕ್ಕವೂ ಇದೆ, ಗಡಿಯಾರದ ಲೆಕ್ಕವೂ ಇದೆ. ಅವೆರಡನ್ನು ಬಿಟ್ಟು ಬರೀ ಕಿಲೋಮೀಟರ್ ನೆನಪಿಟ್ಟುಕೊಂಡರೆ ಉಪಯೋಗ ಕಡಿಮೆ.

ಎಷ್ಟು ದೂರ ಇದ್ದರೆ ಸೇಫ್? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಬಾಂಬ್ ಎಷ್ಟು ದೊಡ್ಡದು, ಎಷ್ಟು ಎತ್ತರದಲ್ಲಿ ಸಿಡಿಯಿತು, ಗಾಳಿ ಯಾವ ಕಡೆ ಬೀಸುತ್ತಿದೆ, ಆ ಹೊತ್ತಿಗೆ ನೀವು ಬಯಲಲ್ಲಿ ಇದ್ದಿರೋ ಗೋಡೆಯ ಹಿಂದೆ ಇದ್ದಿರೋ, ಇಷ್ಟೂ ಗೊತ್ತಾಗಬೇಕು. 170 ಮೀಟರ್ ದೂರದಲ್ಲಿದ್ದೂ ಬದುಕಿದವರಿದ್ದಾರೆ. ಸುಮಾರು 130 ಕಿಲೋಮೀಟರ್ ಆಚೆ ಇದ್ದೂ ಸತ್ತವರಿದ್ದಾರೆ. ಎರಡೂ ಕಥೆ ಮುಂದೆ ಬರುತ್ತವೆ.

ಕಿಲೋಟನ್, ಮೆಗಾಟನ್ ಅಂದರೆ ಏನು?

ಬಾಂಬ್‌ನ ಶಕ್ತಿ ಅಳೆಯುವ ಲೆಕ್ಕ. 1 ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಶಕ್ತಿ. 1 ಮೆಗಾಟನ್ ಅಂದರೆ ಅದರ ಸಾವಿರ ಪಟ್ಟು. 1945ರ ಆಗಸ್ಟ್ 6ರಂದು ಹಿರೋಷಿಮಾ ಮೇಲೆ ಬಿದ್ದದ್ದು ಸುಮಾರು 15 ಕಿಲೋಟನ್. ಮೂರು ದಿನ ಬಿಟ್ಟು ನಾಗಸಾಕಿ ಮೇಲೆ ಬಿದ್ದದ್ದು ಸುಮಾರು 21. ಈಗಿನ ಕ್ಷಿಪಣಿಗಳ ಮೇಲೆ ಕೂರುವ ಸಿಡಿತಲೆಗಳು ಹೆಚ್ಚಾಗಿ 100ರಿಂದ ಕೆಲವು ನೂರು ಕಿಲೋಟನ್‌ವರೆಗಿನವು.

ಬಾಂಬ್ ಕೊಲ್ಲುವುದು ಹೇಗೆ? ವಿಕಿರಣದಿಂದ ಅಲ್ವಾ?

ವಿಕಿರಣದಿಂದ ಮಾತ್ರ ಅಲ್ಲ. ಹೆಚ್ಚಿನ ಕಡೆ ಮೊದಲು ಕೊಲ್ಲುವುದು ಬೆಂಕಿ ಮತ್ತು ಗಾಳಿ. ಆಕಾಶದಲ್ಲಿ ಸಿಡಿದ ಬಾಂಬ್‌ನ ಶಕ್ತಿಯಲ್ಲಿ ಸುಮಾರು ಅರ್ಧ ಒತ್ತಡದ ಅಲೆಯಾಗಿ ಹೋಗುತ್ತದೆ, ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಬೆಳಕು ಮತ್ತು ಶಾಖವಾಗಿ. ಉಳಿದ 15 ಶೇಕಡಾದಷ್ಟು ವಿಕಿರಣ. ಅದರಲ್ಲೂ ಒಂದು ಪಾಲು ಮೊದಲ ನಿಮಿಷದಲ್ಲೇ ಹೊರಬರುತ್ತದೆ, ಉಳಿದದ್ದು ಧೂಳಿನ ಜೊತೆ ತಡವಾಗಿ.

ಬರುವ ಕ್ರಮ ನೆನಪಿಡಿ. ಮೊದಲು ಬೆಳಕು. ಅದು ಬಂದಿದ್ದೇ ಗೊತ್ತಾಗುವುದಿಲ್ಲ, ಅಷ್ಟು ವೇಗ. ಬೆಳಕಿನ ಜೊತೆಗೇ ಶಾಖ. ಹಿರೋಷಿಮಾದಲ್ಲಿ ಕೆಲವರ ಮೈಮೇಲೆ ಕಿಮೋನೋದ ಚಿತ್ತಾರ ಹಾಗೇ ಅಚ್ಚಾಗಿತ್ತು. ಬಟ್ಟೆಯ ಕಪ್ಪು ಭಾಗ ಶಾಖ ಹೀರಿ ಚರ್ಮ ಸುಟ್ಟಿತ್ತು, ಬಿಳಿ ಭಾಗ ಶಾಖವನ್ನು ವಾಪಸ್ ಕಳಿಸಿತ್ತು. ಬಟ್ಟೆಯ ಬಣ್ಣ ಬದಲಾದರೆ ಗಾಯ ಬದಲಾಗುವಷ್ಟು ನೇರವಾಗಿ ಕೆಲಸ ಮಾಡುವ ಶಾಖ ಅದು. ಹಾಗಾಗಿ ನಡುವೆ ಒಂದು ಗೋಡೆ ಇದ್ದರೂ ದೊಡ್ಡ ವ್ಯತ್ಯಾಸ.

ಆಮೇಲೆ ಒತ್ತಡದ ಅಲೆ. ಇದು ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ಬರುತ್ತದೆ, ಅಂದರೆ ಬೆಳಕಿಗಿಂತ ಬಹಳ ತಡ. ಕೊನೆಗೆ, ಗಾಳಿ ಬೀಸುವ ಕಡೆ, ವಿಕಿರಣ ಧೂಳು.

ಸರಿ, ಈಗಲಾದರೂ ಸಂಖ್ಯೆ ಕೊಡಿ.

ಕೊಡುತ್ತೇನೆ. ಇವೆಲ್ಲ ಬಯಲು ನೆಲ, ತಿಳಿ ಆಕಾಶ, ಗಾಳಿಯಲ್ಲಿ ಸಿಡಿದ ಬಾಂಬ್ ಎಂದುಕೊಂಡು ಹೇಳುವ ಅಂದಾಜು.

15 ಕಿಲೋಟನ್ ಬಾಂಬ್: ಸಾಮಾನ್ಯ ಮನೆಗಳು ಕುಸಿಯುವುದು ಸುಮಾರು 1.7 ಕಿಲೋಮೀಟರ್‌ವರೆಗೆ. ಬಯಲಲ್ಲಿದ್ದವರಿಗೆ ಆಳದ ಸುಟ್ಟ ಗಾಯ ಸುಮಾರು 2 ಕಿಲೋಮೀಟರ್‌ವರೆಗೆ. ಕಿಟಕಿ ಗಾಜು ಒಡೆಯುವುದು 4ರಿಂದ 5 ಕಿಲೋಮೀಟರ್‌ವರೆಗೆ.

100 ಕಿಲೋಟನ್: ಮನೆ ಕುಸಿತ 3 ಕಿಲೋಮೀಟರ್ ದಾಟುತ್ತದೆ, ಸುಟ್ಟ ಗಾಯ 4 ದಾಟುತ್ತದೆ, ಗಾಜು 8–9ರ ಹತ್ತಿರ.

1 ಮೆಗಾಟನ್: ಮನೆ ಕುಸಿತ ಸುಮಾರು 7 ಕಿಲೋಮೀಟರ್, ಸುಟ್ಟ ಗಾಯ ಸುಮಾರು 12, ಗಾಜು ಸುಮಾರು 20.

ಗಮನಿಸಿ, ಬಾಂಬ್ ದೊಡ್ಡದಾದ ಹಾಗೆ ಶಾಖವೇ ಮುಂದೆ ಓಡುತ್ತದೆ. ಮೊದಲ ನಿಮಿಷದ ವಿಕಿರಣ ಮಾತ್ರ ಹಿಂದೆ ಉಳಿಯುತ್ತದೆ: 15 ಕಿಲೋಟನ್‌ಗೆ ಜೀವ ತೆಗೆಯುವ ಮಟ್ಟ ಸುಮಾರು 1.2 ಕಿಲೋಮೀಟರ್, 1 ಮೆಗಾಟನ್‌ಗೆ 3 ಕಿಲೋಮೀಟರ್ ಆಸುಪಾಸು. ಗಾಳಿಯೇ ಅದನ್ನು ನುಂಗಿಬಿಡುತ್ತದೆ.

"ಮನೆ ಕುಸಿಯುವ ಒತ್ತಡ" ಎಂದರೆ ಎಷ್ಟು ಅಂತ ಒಮ್ಮೆ ನೋಡಿ. ಒಂದು ಚದರ ಮೀಟರ್ ಮೇಲೆ ಸುಮಾರು ಮೂರೂವರೆ ಟನ್. ಒಂದು ಬಾಗಿಲು 2 ಚದರ ಮೀಟರ್ ಇದ್ದರೆ, ಅದರ ಮೇಲೆ ಒಂದೇ ಏಟಿಗೆ 7 ಟನ್ ಬಂದು ಒರಗಿದ ಹಾಗೆ. ಗಾಜು ಒಡೆಯುವ ಒತ್ತಡ ಅದರ ಐದನೇ ಒಂದು ಪಾಲು ಅಷ್ಟೇ. ಆದರೂ ಒಂದು ಚದರ ಮೀಟರ್ ಕಿಟಕಿಯ ಮೇಲೆ 700 ಕಿಲೋ. ಅದರ ಹಿಂದೆ ಮುಖ ಇಟ್ಟುಕೊಂಡು ನಿಲ್ಲುವುದು ಬೇಡ.

ಬಾಂಬ್ ಸಾವಿರ ಪಟ್ಟು ದೊಡ್ಡದಾದರೆ ಹಾನಿಯೂ ಸಾವಿರ ಪಟ್ಟು ದೂರ ಹೋಗುತ್ತದಾ?

ಇಲ್ಲ. ಒತ್ತಡದ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ, ಮೇಲಕ್ಕೂ ಸೇರಿ. ಹಾಗಾಗಿ ಶಕ್ತಿ 1,000 ಪಟ್ಟು ಆದರೆ ಅದು ಮುಟ್ಟುವ ದೂರ 10 ಪಟ್ಟು ಮಾತ್ರ. ಇದುವರೆಗೆ ಸಿಡಿಸಿದ ಅತಿ ದೊಡ್ಡ ಬಾಂಬ್ 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ನೊವಾಯಾ ಜೆಮ್ಲಿಯಾ ದ್ವೀಪದ ಮೇಲೆ ಸಿಡಿಸಿದ್ದು, ಸುಮಾರು 50 ಮೆಗಾಟನ್. ಹಿರೋಷಿಮಾದ 3,300 ಪಟ್ಟು. ಆದರೆ ಮನೆ ಕುಸಿಯುವ ದೂರದ ಲೆಕ್ಕ ಹಾಕಿದರೆ ಸುಮಾರು 15 ಪಟ್ಟು. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ಸೊನ್ನೆ ಬಿಟ್ಟೆ ಅಂದುಕೊಂಡು ನಾನು ಮತ್ತೆ ಮಾಡಿದ್ದೆ.

ಸಮಾಧಾನ ಪಡಬೇಡಿ. ಸೇನೆಗಳಿಗೂ ಈ ಲೆಕ್ಕ ಗೊತ್ತು. ಅದಕ್ಕೇ ಅವು ದೈತ್ಯ ಬಾಂಬ್ ಬಿಟ್ಟು, ಒಂದು ಕ್ಷಿಪಣಿಯಲ್ಲಿ ಹಲವು ಸಣ್ಣ ಸಿಡಿತಲೆ ಇಡುವ ದಾರಿ ಹಿಡಿದವು. ಹಂಚಿ ಹಾಕಿದರೆ ಅಷ್ಟೇ ಶಕ್ತಿಯಲ್ಲಿ ಜಾಸ್ತಿ ಜಾಗ ಹಾಳಾಗುತ್ತದೆ.

ಬೆಟ್ಟಗುಡ್ಡ ಅಡ್ಡ ಇದ್ದರೆ?

ಅಡ್ಡ ಇದ್ದಷ್ಟೂ ಒಳ್ಳೆಯದು. ನಾಗಸಾಕಿಯ ಬಾಂಬ್ ಹಿರೋಷಿಮಾದ್ದಕ್ಕಿಂತ ದೊಡ್ಡದು. ಆದರೆ ಅದು ಉರಾಕಾಮಿ ಕಣಿವೆಯ ಮೇಲೆ ಸಿಡಿಯಿತು, ಸುತ್ತಲಿನ ಗುಡ್ಡಗಳು ಊರಿನ ಒಂದು ಭಾಗವನ್ನು ಮರೆಮಾಡಿದವು. ಆ ವರ್ಷದ ಕೊನೆಯ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತವರು ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 70,000. ಹಿರೋಷಿಮಾ ಬಟ್ಟಲಿನ ತಳದ ಹಾಗೆ ಸಮತಟ್ಟಾದ ಊರು.

170 ಮೀಟರ್ ದೂರದಲ್ಲಿ ಬದುಕಿದವರು ಯಾರು?

ಹಿರೋಷಿಮಾದಲ್ಲಿ ಇಂಧನ ಹಂಚಿಕೆಯ ಕಚೇರಿಯೊಂದಿತ್ತು, ಕಾಂಕ್ರೀಟ್ ಕಟ್ಟಡ. ಬೆಳಿಗ್ಗೆ 8:15ಕ್ಕೆ ಅಲ್ಲಿನ ನೌಕರರೊಬ್ಬರು ಕಾಗದಪತ್ರ ತರಲು ನೆಲಮಾಳಿಗೆಗೆ ಇಳಿದಿದ್ದರು. ಬಾಂಬ್ ಸಿಡಿದದ್ದು ಅಲ್ಲಿಂದ 170 ಮೀಟರ್ ದೂರದ ಜಾಗದ ನೆತ್ತಿಯ ಮೇಲೆ, ಆಕಾಶದಲ್ಲಿ ಸುಮಾರು 600 ಮೀಟರ್ ಎತ್ತರದಲ್ಲಿ. ಅವರು ಕತ್ತಲಲ್ಲಿ ತಡಕಾಡಿಕೊಂಡು ಮೇಲೆ ಬಂದರು. ಆಮೇಲೆ ಕಾಯಿಲೆ ಬಿದ್ದರೂ ಚೇತರಿಸಿಕೊಂಡು, 80 ದಾಟುವವರೆಗೆ ಬದುಕಿದರು. ಆ ಕಟ್ಟಡ ಈಗಲೂ ಶಾಂತಿ ಉದ್ಯಾನದಲ್ಲಿದೆ, ಪ್ರವಾಸಿಗಳು ಕೂತು ದಣಿವಾರಿಸಿಕೊಳ್ಳುವ ಜಾಗವಾಗಿ.

ಅದೃಷ್ಟ ಅಲ್ವಾ ಅಂದರೆ ಹೌದು, ಆ ಕ್ಷಣಕ್ಕೆ ಕೆಳಗೆ ಇಳಿದದ್ದು ಅದೃಷ್ಟ. ಆದರೆ ಅವರನ್ನು ಉಳಿಸಿದ್ದು ತಲೆಯ ಮೇಲಿದ್ದ ಕಾಂಕ್ರೀಟ್. ಬೆಳಕು ಮುಟ್ಟಲಿಲ್ಲ, ವಿಕಿರಣದ ಬಹುಪಾಲು ಚಪ್ಪಡಿಯಲ್ಲೇ ನಿಂತಿತು. ಬಯಲಲ್ಲಿ ಎಷ್ಟೋ ಕಿಲೋಮೀಟರ್ ದೂರ ಹೋದರೆ ಸಿಗುವ ರಕ್ಷಣೆ ಅವರಿಗೆ ಒಂದು ಮಹಡಿ ಇಳಿದಿದ್ದಕ್ಕೆ ಸಿಕ್ಕಿತು.

ಬೆಳಕು ಕಂಡ ಕೂಡಲೇ ಏನು ಮಾಡಬೇಕು?

ಮಲಗಿ. ಬೋರಲು. ಕೈಗಳು ಮೈಯ ಕೆಳಗೆ, ಮುಖ ನೆಲಕ್ಕೆ, ಕಣ್ಣು ಮುಚ್ಚಿ. ಹತ್ತಿರದಲ್ಲೇ ಮೋಟುಗೋಡೆ, ಹಳ್ಳ, ಗಟ್ಟಿ ಮೇಜು ಇದ್ದರೆ ಅದರ ಮರೆಗೆ. ಬೆಳಕಿನ ಕಡೆ ನೋಡಲೇಬೇಡಿ, ಕಿಟಕಿ ಹತ್ತಿರ ಹೋಗಲೇಬೇಡಿ.

ಇದು ಎಲ್ಲರಿಗೂ ಗೊತ್ತು ಅನ್ನಿಸುತ್ತದೆ, ಆದರೆ ಮನುಷ್ಯರು ಮಾಡುವುದು ತದ್ವಿರುದ್ಧ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಉಲ್ಕೆಯೊಂದು ಸಿಡಿಯಿತು. ಬಾಂಬ್ ಅಲ್ಲ, ಕಲ್ಲು. ಆದರೆ ಶಕ್ತಿ 400–500 ಕಿಲೋಟನ್, ತುಂಬಾ ಎತ್ತರದಲ್ಲಿ. ಕಣ್ಣು ಕೋರೈಸುವ ಬೆಳಕು ಬಂತು, ಶಬ್ದವಿಲ್ಲ. ಏನದು ಅಂತ ಜನ ಕಿಟಕಿಗೆ ಓಡಿದರು. ಎರಡು ನಿಮಿಷ ಕಳೆದ ಮೇಲೆ ಅಲೆ ಬಂದು ಊರಿನ ಗಾಜೆಲ್ಲ ಒಳಗೆ ಸುರಿಯಿತು. ಸುಮಾರು 1,500 ಜನ ಗಾಯಕ್ಕೆ ಚಿಕಿತ್ಸೆ ಪಡೆದರು, ಹೆಚ್ಚಿನವು ಗಾಜಿನ ಗಾಯ. ಅಲ್ಲೇ ಒಬ್ಬ ಶಿಕ್ಷಕಿ ಬೆಳಕು ಕಂಡದ್ದೇ 44 ಮಕ್ಕಳನ್ನು ಡೆಸ್ಕ್ ಕೆಳಗೆ ಕೂರಿಸಿದರು. ಮಕ್ಕಳಿಗೆ ಏನೂ ಆಗಲಿಲ್ಲ. ನಿಂತೇ ಇದ್ದ ಶಿಕ್ಷಕಿಯ ಕೈ ಗಾಜಿಗೆ ಸಿಕ್ಕಿ ಕೊಯ್ದುಹೋಯಿತು.

ಮಿಂಚು ಕಂಡ ಮೇಲೆ ಗುಡುಗಿಗೆ ಎಣಿಸುತ್ತೀರಲ್ಲ, ಅದೇ ಲೆಕ್ಕ ಇಲ್ಲೂ. ಹೆಚ್ಚುಕಡಿಮೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಆದರೆ ಎಣಿಸುತ್ತಾ ನಿಲ್ಲಬೇಡಿ, ಮಲಗಿಕೊಂಡು ಎಣಿಸಿ. ಅಲೆ ಒಮ್ಮೆ ದಾಟಿ ಹೋದ ಮೇಲೂ ತಕ್ಷಣ ಏಳಬೇಡಿ, ಗಾಳಿ ವಾಪಸ್ ಎಳೆಯುತ್ತದೆ, ಮೇಲಿಂದ ಚೂರುಗಳು ಬೀಳುತ್ತಲೇ ಇರುತ್ತವೆ.

ಹೆಬ್ಬೆರಳು ಎತ್ತಿ ಹಿಡಿದು ಅಣಬೆ ಮೋಡ ಮುಚ್ಚಿಹೋದರೆ ಸೇಫ್ ಅಂತಾರಲ್ಲ?

ಸುಳ್ಳು. ಮೋಡ ನಿಮಿಷ ನಿಮಿಷಕ್ಕೂ ಬೆಳೆಯುತ್ತದೆ, ಎಲ್ಲರ ಹೆಬ್ಬೆರಳೂ ಒಂದೇ ಅಳತೆ ಅಲ್ಲ, ಗಾಳಿ ಯಾವ ಕಡೆ ಅಂತ ಬೆರಳಿಗೆ ಗೊತ್ತಿಲ್ಲ. ಸುಮ್ನೆ ಹೊರಗೆ ನಿಂತು ಸಮಯ ಹಾಳು. ಆ ನಿಮಿಷ ಒಳಗೆ ಹೋಗಲು ಬೇಕು.

ಆಕಾಶದಲ್ಲಿ ಸಿಡಿಯುವುದಕ್ಕೂ ನೆಲದಲ್ಲಿ ಸಿಡಿಯುವುದಕ್ಕೂ ಏನು ವ್ಯತ್ಯಾಸ?

ಆಕಾಶದಲ್ಲಿ ಸಿಡಿದರೆ ಮನೆ ಬೀಳುವ, ಗಾಜು ಒಡೆಯುವ ವಿಸ್ತಾರ ಜಾಸ್ತಿ. ನೆಲದಲ್ಲಿ ಸಿಡಿದರೆ ಆ ವಿಸ್ತಾರ ಕಡಿಮೆ, ಆದರೆ ಬೆಂಕಿಯ ಉಂಡೆ ಮಣ್ಣು, ಕಲ್ಲು, ಕಟ್ಟಡ ಎಲ್ಲವನ್ನೂ ಆವಿ ಮಾಡಿ ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ವಿಕಿರಣ ಅಂಟಿಕೊಂಡು, ತಣಿದು, ಮರಳಿನ ಹಾಗೆ ಕೆಳಗೆ ಸುರಿಯುತ್ತದೆ. ದೂರದವರಿಗೆ ಅಪಾಯ ತರುವುದು ಇದು.

ಆ ಧೂಳು ಎಷ್ಟು ದೂರ ಹೋಗುತ್ತದೆ?

ಈಗ 130 ಕಿಲೋಮೀಟರ್ ಕಥೆ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. 6 ಮೆಗಾಟನ್ ಎಂದು ಲೆಕ್ಕ ಹಾಕಿದ್ದರು, ಸಿಡಿದಾಗ 15 ಆಯಿತು. ಜಪಾನಿನ ಮೀನುಗಾರಿಕೆ ದೋಣಿಯೊಂದು, 23 ಜನ ಇದ್ದದ್ದು, ಪೂರ್ವಕ್ಕೆ ಸುಮಾರು 130 ಕಿಲೋಮೀಟರ್ ಆಚೆ ಇತ್ತು. ಅಪಾಯದ ವಲಯ ಎಂದು ಸಾರಿದ್ದ ಜಾಗದಿಂದ ಹೊರಗೇ. ಸೂರ್ಯ ಹುಟ್ಟುವ ಮೊದಲೇ ಪಶ್ಚಿಮದ ಆಕಾಶ ಬೆಳಗಿತು. ಕೆಲವು ನಿಮಿಷ ಬಿಟ್ಟು ಶಬ್ದ. ಯಾರಿಗೂ ಗಾಯವಿಲ್ಲ, ದೋಣಿಗೂ ಏನಿಲ್ಲ.

ಕೆಲವು ಗಂಟೆ ಕಳೆದು ಆಕಾಶದಿಂದ ಬಿಳಿ ಪುಡಿ ಉದುರತೊಡಗಿತು. ಸುಟ್ಟ ಹವಳದ ಪುಡಿ. ತಲೆ ಮೇಲೆ, ಕುತ್ತಿಗೆಯೊಳಗೆ, ಬಲೆಯ ಮೇಲೆ. ಅದು ಏನೆಂದು ಗೊತ್ತಿಲ್ಲದೆ ಬರಿಗೈಯಲ್ಲಿ ಬಾಚಿ ಹಾಕಿದರು. 23 ಜನರೂ ಕಾಯಿಲೆ ಬಿದ್ದರು. ರೇಡಿಯೋ ನೋಡಿಕೊಳ್ಳುತ್ತಿದ್ದವರು ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಇನ್ನೂ ದೂರದ ರೊಂಗೆಲಾಪ್ ದ್ವೀಪದ ಜನರ ಮೇಲೂ ಅದೇ ಪುಡಿ ಬಿತ್ತು. ಅವರನ್ನು ಅಲ್ಲಿಂದ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ.

ಹಾಗಾಗಿ ಧೂಳಿನ ವಿಚಾರದಲ್ಲಿ ವೃತ್ತ ಎಳೆಯಬೇಡಿ. ಅದು ಗಾಳಿಯ ದಿಕ್ಕಿಗೆ ಚಾಚಿದ ನಾಲಿಗೆ. ಒಂದು ಕಡೆ 20 ಕಿಲೋಮೀಟರ್ ಆಚೆ ಏನೂ ಇಲ್ಲದಿರಬಹುದು, ಇನ್ನೊಂದು ಕಡೆ 150ರಲ್ಲೂ ಅಪಾಯ. ಇನ್ನೊಂದು ತೊಡಕು: ಮೋಡ ಹೋಗುವ ಎತ್ತರದಲ್ಲಿ ಗಾಳಿ ಬೀಸುವ ದಿಕ್ಕು ನಿಮ್ಮ ಮುಖಕ್ಕೆ ತಾಗುವ ಗಾಳಿಯದ್ದೇ ಆಗಿರಬೇಕೆಂದಿಲ್ಲ.

ಧೂಳು ಕಣ್ಣಿಗೆ ಕಾಣುತ್ತದಾ?

ಹತ್ತಿರದಲ್ಲಿ ಬೀಳುವ, ಅತಿ ಅಪಾಯದ ಧೂಳು ಸಾಮಾನ್ಯವಾಗಿ ಕಾಣುತ್ತದೆ: ಮರಳು, ಬೂದಿ, ಉಪ್ಪಿನ ಕಣದ ಹಾಗೆ. ಆದರೆ ಕಾಣಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಕಾರ್ ಹತ್ತಿ ದೂರ ಹೋಗಿಬಿಟ್ಟರೆ?

ಎಲ್ಲರ ತಲೆಗೂ ಮೊದಲು ಬರುವುದು ಇದೇ, ಮತ್ತು ಹೆಚ್ಚಿನ ಸಂದರ್ಭದಲ್ಲಿ ಇದೇ ತಪ್ಪು. ಹಾನಿಯಾದ ಪ್ರದೇಶದಿಂದ ಆಚೆ ಧೂಳು ಬೀಳಲು ಶುರುವಾಗುವುದು 10–15 ನಿಮಿಷದ ನಂತರ. ಅಷ್ಟರಲ್ಲಿ ಊರಿನವರೆಲ್ಲ ಒಟ್ಟಿಗೆ ರಸ್ತೆಗೆ ಬಂದಿರುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನಿಮ್ಮ ಮತ್ತು ಧೂಳಿನ ನಡುವೆ ಇರುವುದು ತೆಳು ತಗಡು ಮತ್ತು ಗಾಜು. ಅದು ವಿಕಿರಣ ತಡೆಯುವುದಿಲ್ಲ. ಅದೇ 10 ನಿಮಿಷದಲ್ಲಿ ಒಂದು ದೊಡ್ಡ ಕಟ್ಟಡದ ಒಳಗೆ ಹೋಗಬಹುದು.

ಯಾವ ಕಟ್ಟಡ? ಅದರಲ್ಲಿ ಎಲ್ಲಿ?

ನೆಲಮಾಳಿಗೆ ಇದ್ದರೆ ಅದು. ಇಲ್ಲದಿದ್ದರೆ ಕಾಂಕ್ರೀಟ್ ಅಥವಾ ಇಟ್ಟಿಗೆಯ ದೊಡ್ಡ ಕಟ್ಟಡದ ನಡುಭಾಗ. ಧೂಳು ಕೂರುವುದು ಚಾವಣಿಯ ಮೇಲೆ ಮತ್ತು ಹೊರಗಿನ ನೆಲದ ಮೇಲೆ, ಹಾಗಾಗಿ ಬಹುಮಹಡಿಯಲ್ಲಿ ಮೇಲಿನ ಮಹಡಿಯೂ ಬೇಡ, ನೆಲ ಅಂತಸ್ತೂ ಬೇಡ. ನಡುವಿನ ಮಹಡಿ, ಕಿಟಕಿ ಇಲ್ಲದ ಜಾಗ: ಮೆಟ್ಟಿಲ ಕೋಣೆ, ಒಳಗಿನ ಪಡಸಾಲೆ, ಸ್ಟೋರ್ ರೂಮ್.

ಗೋಡೆಯ ಲೆಕ್ಕ ಸುಲಭ. ಸುಮಾರು 6 ಸೆಂಟಿಮೀಟರ್ ಕಾಂಕ್ರೀಟ್ ಆ ಧೂಳಿನ ವಿಕಿರಣವನ್ನು ಅರ್ಧ ಮಾಡುತ್ತದೆ. ಇನ್ನೊಂದು 6 ಅದರ ಅರ್ಧ. 30 ಸೆಂಟಿಮೀಟರ್ ಆದರೆ ಐದು ಸಲ ಅರ್ಧ, ಅಂದರೆ 32ರಲ್ಲಿ ಒಂದು ಪಾಲು. ಅದುಮಿದ ಮಣ್ಣಾದರೆ ಅರ್ಧ ಮಾಡಲು ಸುಮಾರು 9 ಸೆಂಟಿಮೀಟರ್ ಬೇಕು. ಮರದ ತೆಳು ಮನೆಯಲ್ಲಿ ಎರಡು ಮೂರು ಪಟ್ಟು ಮಾತ್ರ ಕಡಿಮೆಯಾಗುತ್ತದೆ. ಆದರೂ ಬಯಲಿಗಿಂತ ವಾಸಿ. ಪುಸ್ತಕದ ಕಪಾಟು, ನೀರಿನ ಡ್ರಮ್, ಧಾನ್ಯದ ಮೂಟೆ, ತೂಕ ಇರುವುದೆಲ್ಲ ಉಪಯೋಗಕ್ಕೆ ಬರುತ್ತದೆ.

ಒಳಗೆ ಎಷ್ಟು ಹೊತ್ತು ಇರಬೇಕು?

ಬೇರೆ ಸೂಚನೆ ಬರದಿದ್ದರೆ ಕಡಿಮೆ ಅಂದರೂ 24 ಗಂಟೆ. ಯಾಕೆ ಅಂತ ಗೊತ್ತಿದ್ದರೆ ಕಾಯುವುದು ಸುಲಭ. ಸಮಯ 7 ಪಟ್ಟು ಆದರೆ ವಿಕಿರಣದ ತೀವ್ರತೆ 10ನೇ ಒಂದು ಪಾಲಿಗೆ ಇಳಿಯುತ್ತದೆ. ಸ್ಫೋಟದ ಒಂದು ಗಂಟೆಯ ನಂತರ 1,000 ಇದ್ದದ್ದು 7 ಗಂಟೆಗೆ 100. 49 ಗಂಟೆಗೆ, ಅಂದರೆ ಎರಡು ದಿನಕ್ಕೆ, 10. ಎರಡು ವಾರಕ್ಕೆ 1. ನಿಖರ ನಿಯಮವೇನಲ್ಲ, ಆದರೆ ಅಂದಾಜಿಗೆ ಚೆನ್ನಾಗಿ ಒಗ್ಗುತ್ತದೆ.

ಇದನ್ನು ಗೋಡೆಯ ಜೊತೆ ಸೇರಿಸಿ ನೋಡಿ. ಸ್ಫೋಟವಾಗಿ ಒಂದು ಗಂಟೆಯ ಹೊತ್ತಿಗೆ ಬಯಲಲ್ಲಿ ಓಡುವವರಿಗೆ ಬೀಳುವುದು 1,000. ಅದೇ ಗಂಟೆ 30 ಸೆಂಟಿಮೀಟರ್ ಕಾಂಕ್ರೀಟ್ ಒಳಗೆ ಕೂತವರಿಗೆ ಸುಮಾರು 30. ಎರಡು ದಿನ ಬಿಟ್ಟು ಹೊರಗೆ ನಡೆದು ಹೋಗುವವರಿಗೆ 10. ಒಂದೇ ಊರು, ಒಂದೇ ರಸ್ತೆ. ಬೇಗ ಹೊರಟವರಿಗೇ ಜಾಸ್ತಿ ಪೆಟ್ಟು. ಕಟ್ಟಡಕ್ಕೆ ಬೆಂಕಿ ಹತ್ತಿದರೆ, ಕುಸಿಯುವ ಹಾಗಿದ್ದರೆ, ಜೀವಕ್ಕೆ ಅಪಾಯದ ಗಾಯ ಆಗಿದ್ದರೆ ಮಾತ್ರ ಮೊದಲೇ ಹೊರಡಿ.

ಹೊರಗಿದ್ದು ಒಳಗೆ ಬಂದವರು ಏನು ಮಾಡಬೇಕು?

ಬಾಗಿಲ ಹತ್ತಿರವೇ ಮೇಲಿನ ಬಟ್ಟೆ, ಚಪ್ಪಲಿ ಬಿಚ್ಚಿ. ಮೆಲ್ಲಗೆ, ಕೊಡವಬೇಡಿ. ಇಷ್ಟರಲ್ಲೇ ಅಂಟಿಕೊಂಡ ಧೂಳಿನ ಶೇಕಡಾ 90ರವರೆಗೆ ಹೋಗುತ್ತದೆ. ಬಟ್ಟೆಯನ್ನು ಚೀಲಕ್ಕೆ ಹಾಕಿ, ಕಟ್ಟಿ, ಜನ ಇಲ್ಲದ ಮೂಲೆಗೆ ಇಡಿ. ಸೋಪು ನೀರಿನಲ್ಲಿ ಮೈ ತೊಳೆಯಿರಿ, ಚರ್ಮ ಕೆರೆಯುವ ಹಾಗೆ ಉಜ್ಜಬೇಡಿ. ಶಾಂಪೂ ಪರವಾಗಿಲ್ಲ, ಕಂಡೀಷನರ್ ಬೇಡ, ಅದು ಧೂಳನ್ನು ಕೂದಲಿಗೆ ಹಿಡಿಸುತ್ತದೆ. ಸ್ನಾನಕ್ಕೆ ನೀರಿಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಕೈ, ಮುಖ, ರೆಪ್ಪೆ, ಕಿವಿ ಒರೆಸಿ, ಮೂಗು ಸೀನಿ. ನಾಯಿ ಬೆಕ್ಕಿಗೂ ಇದೇ, ಹೊರಗಿನ ಧೂಳು ಒರೆಸಿ ಒಳಗೆ ಕರೆದುಕೊಳ್ಳಿ.

ಇನ್ನೊಂದು ಮಾತು. ಹೀಗೆ ಬಂದವರನ್ನು ಬಾಗಿಲಲ್ಲೇ ತಡೆಯಬೇಡಿ. ವಿಕಿರಣ ಕಾಯಿಲೆ ಅಂಟುರೋಗ ಅಲ್ಲ. ಬಟ್ಟೆ ಬದಲಿಸಿ, ಧೂಳು ತೊಳೆದುಕೊಂಡರೆ ಅವರ ಪಕ್ಕ ಕೂರಲು ಹೆದರಬೇಕಿಲ್ಲ.

ಅಯೋಡಿನ್ ಮಾತ್ರೆ ನುಂಗಿದರೆ ಆಯ್ತಾ?

ಆಗುವುದಿಲ್ಲ. ಆ ಮಾತ್ರೆಯಲ್ಲಿರುವ ಪೊಟ್ಯಾಸಿಯಂ ಅಯೋಡೈಡ್ ಕಾಪಾಡುವುದು ಥೈರಾಯ್ಡ್ ಗ್ರಂಥಿಯೊಂದನ್ನು, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಮಕ್ಕಳಿಗೆ, ಬಸುರಿಯರಿಗೆ ಅದು ಮುಖ್ಯ, ಹೇಳಿದಾಗ ಹೇಳಿದಷ್ಟು ತೆಗೆದುಕೊಳ್ಳಬೇಕು. ಹೊರಗಿನ ಧೂಳಿನಿಂದ ಬರುವ ವಿಕಿರಣಕ್ಕೆ ಅದು ಏನೂ ಮಾಡುವುದಿಲ್ಲ. ಅಯೋಡಿನ್ ಉಪ್ಪು ಜಾಸ್ತಿ ತಿಂದರೂ ಆ ಕೆಲಸ ಆಗುವುದಿಲ್ಲ, ಬಿಪಿ ಏರುತ್ತದೆ ಅಷ್ಟೇ.

ಊಟ, ನೀರು?

ಮುಚ್ಚಿದ ಡಬ್ಬಿ, ಪೊಟ್ಟಣ, ಬಾಟಲಿ, ಫ್ರಿಜ್ ಒಳಗಿನದು ಎಲ್ಲ ತಿನ್ನಬಹುದು. ಹೊರಮೈ ಒರೆಸಿ ತೆರೆಯಿರಿ. ಧೂಳು ಒಳಗೆ ಬೀಳದಿದ್ದರೆ ಆಹಾರ ತಾನಾಗಿ ಕೆಡುವುದಿಲ್ಲ.

ಫೋನ್ ಕೆಲಸ ಮಾಡುತ್ತದಾ?

ನೆಚ್ಚಿಕೊಳ್ಳಬೇಡಿ. ತುಂಬಾ ಎತ್ತರದಲ್ಲಿ ಸಿಡಿದರೆ ವಿದ್ಯುತ್ಕಾಂತೀಯ ಆಘಾತ, ಅಂದರೆ ಕರೆಂಟ್ ತಂತಿ, ಉಪಕರಣಗಳನ್ನು ಕೆಡಿಸುವ ಅಲೆ, ಬಹಳ ದೂರ ಹೋಗುತ್ತದೆ. 1962ರ ಜುಲೈ 9ರಂದು ಅಮೆರಿಕ 400 ಕಿಲೋಮೀಟರ್ ಎತ್ತರದಲ್ಲಿ 1.4 ಮೆಗಾಟನ್ ಸಿಡಿಸಿದಾಗ, 1,400 ಕಿಲೋಮೀಟರ್‌ಗೂ ಆಚೆಯ ಹವಾಯಿಯಲ್ಲಿ ಬೀದಿದೀಪಗಳು ಆರಿಹೋದವು. ಕೆಳಗೆ ಸಿಡಿದರೆ ಆಘಾತದ ಹರವು ಕಡಿಮೆ, ಆದರೆ ಕರೆಂಟ್, ಟವರ್ ಹೋಗಿರುತ್ತವೆ. ಬ್ಯಾಟರಿ ರೇಡಿಯೋ ಒಂದಿರಲಿ. ಕಾಲ್ ಹೋಗದಿದ್ದಾಗ ಕೆಲವು ಸಲ ಮೆಸೇಜ್ ಹೋಗುತ್ತದೆ.

ಹಿರೋಷಿಮಾದಲ್ಲಿ ಈಗ ಜನ ಇದ್ದಾರೆ, ಚೆರ್ನೋಬಿಲ್‌ನಲ್ಲಿ ಯಾಕಿಲ್ಲ?

ಹಿರೋಷಿಮಾದ ಬಾಂಬ್‌ನಲ್ಲಿ 64 ಕಿಲೋ ಯುರೇನಿಯಂ ಇತ್ತು, ಒಡೆದದ್ದು ಅದರಲ್ಲಿ ಒಂದು ಕಿಲೋಗಿಂತ ಕಡಿಮೆ. ಅದೂ ಎತ್ತರದಲ್ಲಿ ಸಿಡಿದು, ಬಹುಪಾಲು ಮೇಲಕ್ಕೇ ಹೋಗಿ ಚದುರಿತು. ಊರಿನ ಕೆಲವೆಡೆ ಮಸಿ, ವಿಕಿರಣ ಧೂಳು ಬೆರೆತ ಕಪ್ಪು ಮಳೆ ಸುರಿಯಿತು, ಅದರಿಂದ ಕಷ್ಟಪಟ್ಟವರಿದ್ದಾರೆ. ಆದರೆ ನೆಲಕ್ಕೆ ಇಳಿದದ್ದು ಹೋಲಿಕೆಯಲ್ಲಿ ಕಡಿಮೆ. ಚೆರ್ನೋಬಿಲ್‌ನದ್ದು ಬಾಂಬ್ ಅಲ್ಲ, 1986ರಲ್ಲಿ ಅಪಘಾತವಾದ ಅಣುವಿದ್ಯುತ್ ಸ್ಥಾವರ; ಅದರ ರಿಯಾಕ್ಟರ್‌ನಲ್ಲಿ ಇದ್ದದ್ದು ಟನ್ನುಗಟ್ಟಲೆ ಇಂಧನ. ದೀರ್ಘಕಾಲ ಉಳಿಯುವ ಸೀಸಿಯಂನಂಥ ವಿಕಿರಣಶೀಲ ವಸ್ತುಗಳು ಅಲ್ಲಿ ತಿಂಗಳುಗಟ್ಟಲೆ ಸೇರಿಕೊಂಡಿದ್ದವು, ದಿನಗಟ್ಟಲೆ ಉರಿದು ನೆಲದ ಹತ್ತಿರವೇ ಹರಡಿದವು. ಹಿರೋಷಿಮಾದಲ್ಲಿ ಈಗ 10 ಲಕ್ಷಕ್ಕೂ ಹೆಚ್ಚು ಜನ. ಬಾಂಬ್‌ಗೆ ಸುಟ್ಟುಹೋಗಿ ಮತ್ತೆ ಚಿಗುರಿದ ಗಿಂಕ್ಗೊ ಮರಗಳು ಇಂದಿಗೂ ನಿಂತಿವೆ.

ಮಕ್ಕಳು ಶಾಲೆಯಲ್ಲಿದ್ದಾರೆ. ಕರೆತರಲು ಹೋಗಲೇ?

ಈ ಇಡೀ ಪಟ್ಟಿಯಲ್ಲಿ ಉತ್ತರ ಬರೆಯಲು ಕಷ್ಟವಾದದ್ದು ಇದೊಂದೇ. ಉತ್ತರ ಇಷ್ಟೇ: ಹೋಗಬೇಡಿ. ನೀವು ರಸ್ತೆಗೆ ಇಳಿದರೆ ಧೂಳಿಗೆ ಸಿಗುತ್ತೀರಿ. ಅವರನ್ನು ಕರೆದುಕೊಂಡು ವಾಪಸ್ ಹೊರಟರೆ, ಒಳಗಿದ್ದ ಮಗುವನ್ನು ನೀವೇ ಅತಿ ಕೆಟ್ಟ ಗಂಟೆಯಲ್ಲಿ ಬಯಲಿಗೆ ತಂದ ಹಾಗೆ. ಶಾಲೆಯ ಒಳಕೋಣೆಯಲ್ಲಿ ಮಗು, ನಿಮ್ಮ ಕಟ್ಟಡದ ಒಳಕೋಣೆಯಲ್ಲಿ ನೀವು, ಒಂದು ದಿನ. ಎಲ್ಲಿ ಸೇರಬೇಕು, ಯಾರಿಗೆ ಮೆಸೇಜ್ ಹಾಕಬೇಕು ಅನ್ನುವುದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಂಡಿರಿ, ಮಕ್ಕಳ ಎದುರೇ. "ನಾನು ತಕ್ಷಣ ಬರಲ್ಲ, ಆದರೆ ಬಂದೇ ಬರ್ತೀನಿ" ಅಂತ ಅವರಿಗೆ ಗೊತ್ತಿರಲಿ.